ಗೇಟು ಹಾಕುವವಳ ಅಳಿಯ

ರಾದಿಮ್ ಕುಬಾಲನ ಬಲಗಾಲು ಅವನ ಮಾತು ಕೇಳುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ನಮ್ಮ ಚೆಕ್ ದೇಶದ ಪ್ರೆರೋವ್‌ನಲ್ಲಿ ಅವನದೊಂದು ಡ್ರೈವಿಂಗ್ ಶಾಲೆ ಇದೆ. ಮೂವತ್ತೊಂದು ವರ್ಷ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಪಾಲಿನ ಎರಡನೇ ಬ್ರೇಕನ್ನು ತುಳಿದೂ ತುಳಿದೂ ಆ ಕಾಲಿಗೆ ಸ್ವಂತ ಬುದ್ಧಿ ಬಂದಿತ್ತು. ಟಿವಿಯಲ್ಲಿ ಯಾವನಾದರೂ ಕುದುರೆ ಓಡಿಸಿಕೊಂಡು ಬಂದರೂ ಸೋಫಾದಲ್ಲಿ ಕೂತವನ ಕಾಲು ನೆಲ ಒತ್ತುತ್ತಿತ್ತು. ಚರ್ಚಿನಲ್ಲಿ ಪಾದ್ರಿಯ ಉಪದೇಶ ಹದ ಮೀರಿ ಓಡತೊಡಗಿದರೆ ಅಲ್ಲೂ ಒತ್ತುತ್ತಿತ್ತು. ಮುಂದಿನ ಬೆಂಚು ಅಲುಗಿ, ಅದರ ಮೇಲಿದ್ದವರು ತಿರುಗಿ ನೋಡುತ್ತಿದ್ದರು.

ನಾನು ಅವನ ಪಕ್ಕದ ಮನೆಯವಳು, ಅವನ ಶಿಷ್ಯೆಯೂ ಹೌದು. ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದೆ, ಅದೂ ಪರೀಕ್ಷೆ ಮಾಡುವವರಿಗೆ ಅಂದು ಹಲ್ಲುನೋವಿದ್ದದ್ದರಿಂದ. ಹಾಗಾಗಿ ನನ್ನ ಮಾತಿನಲ್ಲಿ ಗುರುಭಕ್ತಿ ಕಡಿಮೆ ಕಂಡರೆ ತಪ್ಪು ತಿಳಿಯಬಾರದು. ಆ ಬೇಸಿಗೆಯಲ್ಲಿ ನಡೆದದ್ದನ್ನು ಅವರ ಮನೆಯ ನಾಲ್ವರೂ ಬೇರೆ ಬೇರೆಯಾಗಿ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದ್ದಾರೆ. ನಾಲ್ವರ ಮಾತೂ ಒಂದಾಗುವ ಕಡೆ ನಾನು ನಂಬಿದ್ದೇನೆ. ಒಂದಾಗದ ಕಡೆ ಅಜ್ಜಿ ವ್ಲಾಸ್ತಾಳ ಮಾತನ್ನು ಹಿಡಿದಿದ್ದೇನೆ, ಯಾಕೆಂದರೆ ಅದೇ ಹೆಚ್ಚು ಸ್ವಾರಸ್ಯವಾಗಿತ್ತು.

ವ್ಲಾಸ್ತಾ ಎಂದರೆ ರಾದಿಮ್‌ನ ಅತ್ತೆ. ಎಪ್ಪತ್ತೆಂಟು ವಯಸ್ಸು. ಊರಾಚೆಯ ರಸ್ತೆಯ ರೈಲ್ವೆ ಗೇಟಿನಲ್ಲಿ ಮೂವತ್ತನಾಲ್ಕು ವರ್ಷ ಕೈಯಿಂದ ಚಕ್ರ ತಿರುಗಿಸಿ ಗೇಟು ಇಳಿಸಿದವಳು, ಏರಿಸಿದವಳು. ತಲೆಯ ಮೇಲೆ ಬೋರ್ಡು ಹೊತ್ತ ಡ್ರೈವಿಂಗ್ ಶಾಲೆಯ ಕಾರು ದೂರದಲ್ಲಿ ಕಂಡರೆ ಸಾಕು, ರೈಲಿಗೆ ಇನ್ನೂ ಐದು ನಿಮಿಷವಿದ್ದರೂ ಗೇಟು ಹಾಕುತ್ತಿದ್ದಳು. "ಕಲಿಯೋಕೆ ಬಂದೋರು ತಾನೆ? ಕಾಯೋದನ್ನೂ ಕಲೀಲಿ," ಎನ್ನುತ್ತಿದ್ದಳು. ಹಾಗೆ ಕಾದವರಲ್ಲಿ ಯುವಕ ರಾದಿಮ್ ಒಬ್ಬ. ಗೇಟುಮನೆಯ ಹಿಂದೆ ಬಟ್ಟೆ ಒಣಹಾಕುತ್ತಿದ್ದ ಲಿಬುಶೆ ವ್ಲಾಸ್ತಾಳ ಮಗಳು. ಕಿಟಕಿಯ ಗಾಜು ಇಳಿಯಿತು, ಮಾತು ಶುರುವಾಯಿತು. ಗೇಟು ಎತ್ತಿದ ಮೇಲೂ ಮುಂದೆ ಹೋಗದ ಕಾರು ತನ್ನ ನೌಕರಿಯಲ್ಲಿ ಅದೊಂದೇ ಎಂದು ಮುದುಕಿ ಈಗಲೂ ಹೇಳುತ್ತಾಳೆ. "ಅವತ್ತೇ ಗೊತ್ತಾಯ್ತು, ಇವನಿಗೆ ಗಾಡಿ ಓಡಿಸೋಕೆ ಬರಲ್ಲ ಅಂತ."

ರಾದಿಮ್‌ಗೆ ಊರಿನಲ್ಲಿ ಇನ್ನೊಬ್ಬ ಶತ್ರುವೂ ಇದ್ದ. ನದಿಯಾಚೆ ಡ್ರೈವಿಂಗ್ ಶಾಲೆ ಇಟ್ಟುಕೊಂಡ ಹ್ರಾದಿಲ್. ಇಬ್ಬರದೂ ಎಣ್ಣೆ ಸೀಗೇಕಾಯಿ ಸಂಬಂಧ. ಕಾರಣ ಹೇಳಿದರೆ ನಗುತ್ತೀರಿ. ಏರಿನಲ್ಲಿ ನಿಂತ ಕಾರನ್ನು ಹೊರಡಿಸುವಾಗ ಕ್ಲಚ್ಚನ್ನು ಅರ್ಧಕ್ಕೆ ಹಿಡಿದು ಕಾಲಿನಲ್ಲೇ ನಿಭಾಯಿಸಬೇಕು ಎಂಬುದು ರಾದಿಮ್‌ನ ಮತ. ಹ್ಯಾಂಡ್ ಬ್ರೇಕ್ ಎಳೆದಿಟ್ಟು, ಎಂಜಿನ್ ಜಗ್ಗತೊಡಗಿದ ಮೇಲೆ ಬಿಡಬೇಕು ಎಂಬುದು ಹ್ರಾದಿಲ್‌ನ ಮತ. ಇಷ್ಟಕ್ಕೇ ಇಪ್ಪತ್ತು ವರ್ಷ ಮಾತಿಲ್ಲ. "ಹ್ಯಾಂಡ್ ಬ್ರೇಕ್ ಹಿಡ್ಕೊಂಡು ಏರು ಹತ್ತೋದು ಅಂದ್ರೆ ಅಮ್ಮನ ಲಂಗ ಹಿಡ್ಕೊಂಡು ಮದುವೆಗೆ ಹೋದ ಹಾಗೆ," ಎಂದು ರಾದಿಮ್ ಪ್ರತಿ ಶಿಷ್ಯನಿಗೂ ಹೇಳುತ್ತಿದ್ದ. ನನಗೂ ಹೇಳಿದ್ದಾನೆ.

ಪ್ರತಿ ಜುಲೈನಲ್ಲಿ ಕುಬಾಲ ಕುಟುಂಬ ಕ್ರೊಯೇಷಿಯಾದ ಕಡಲಿಗೆ ಕಾರಿನಲ್ಲಿ ಹೋಗುತ್ತದೆ. ನಮ್ಮೂರಲ್ಲಿ ಎಲ್ಲರೂ ಹೋಗುತ್ತಾರೆ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದ ಮಾಂಸದ ಡಬ್ಬಿ ಕಟ್ಟಿಕೊಂಡು. ಆದರೆ ಆ ವರ್ಷ ಹೊರಡಲು ಎರಡು ವಾರವಿದ್ದಾಗ ರಾದಿಮ್‌ನ ಶಿಷ್ಯೆಯೊಬ್ಬಳು ಪಾಠ ಮುಗಿಸಿ ಅವನನ್ನು ಮನೆಬಾಗಿಲಲ್ಲಿ ಇಳಿಸಲು ಬಂದವಳು, ಹಿಂದಕ್ಕೆ ತೆಗೆಯುವ ಭರದಲ್ಲಿ ಶಾಲೆಯ ಕಾರನ್ನು ಅವನ ಸ್ವಂತ ಕಾರಿಗೆ ಗುದ್ದಿದಳು. ಒಂದೇ ಏಟಿಗೆ ಎರಡೂ ರಿಪೇರಿಗೆ ಹೋದವು. ಅವಳು ಅತ್ತಳು. ರಾದಿಮ್ ಅಳಲಿಲ್ಲ, "ಕನ್ನಡಿ ನೋಡಿದ್ರಾ?" ಎಂದಷ್ಟೇ ಕೇಳಿದ. ಮೂರು ದಿನ ಅದನ್ನೇ ಗೋಡೆಗೂ ಕೇಳುತ್ತಿದ್ದನಂತೆ.

ಬಾಡಿಗೆ ಕಾರು ತರುತ್ತೇನೆಂದು ಹೋದ. ಹೆಂಡತಿ ಲಿಬುಶೆಯೂ ಜೊತೆಗಿದ್ದಳು. ಮೊದಲ ಕಾರಿನ ಕೆಳಗೆ ಮಲಗಿ ನೋಡಿದ. ಎರಡನೆಯದರ ಬ್ರೇಕ್ ಎಣ್ಣೆಯನ್ನು ಮೂಸಿ ನೋಡಿದ. ಮೂರನೆಯದರ ಟೈರಿನ ಗೀರುಗಳ ಆಳವನ್ನು ನಾಣ್ಯ ಇಟ್ಟು ಅಳೆದ. ಹದಿನಾಲ್ಕು ದೋಷಗಳನ್ನು ಪಟ್ಟಿ ಮಾಡಿ ಕೌಂಟರಿನಲ್ಲಿದ್ದವನ ಮುಂದಿಟ್ಟಾಗ ಎರಡು ಗಂಟೆ ಕಳೆದಿತ್ತು, ಹಿಂದೆ ಒಂಬತ್ತು ಜನ ನಿಂತಿದ್ದರು.

"ಸಾರ್, ನೀವು ಬಾಡಿಗೆಗೆ ಬಂದಿದೀರೋ, ಕುದುರೆ ಸಂತೆಗೆ ಬಂದಿದೀರೋ?" ಎಂದ ಅವನು.

"ಇದರಲ್ಲಿ ನನ್ನ ಹೆಂಡ್ತಿ ಮಗಳು ಕೂರಬೇಕು ಕಣಪ್ಪ."

"ಅವರ ಮೇಲೆ ಅಷ್ಟು ಪ್ರೀತಿ ಇದ್ರೆ ಒಂದು ಮಾತು ಹೇಳ್ತೀನಿ ಸಾರ್. ಇಲ್ಲಿಂದ ಬಲಕ್ಕೆ ತಿರುಗಿದ್ರೆ ರೈಲ್ವೆ ಸ್ಟೇಷನ್ ಸಿಗುತ್ತೆ. ದಯವಿಟ್ಟು ಹೋಗಿ."

ಅವನು ಕುಹಕಕ್ಕೆ ಅಂದದ್ದು. ಲಿಬುಶೆ ನಿಜವೆಂದು ಹಿಡಿದುಕೊಂಡಳು. ಆ ಸಂಜೆ ಊಟದ ಮೇಜಿನಲ್ಲಿ ಕಾರೋ ರೈಲೋ ಎಂದು ಮತಕ್ಕೆ ಹಾಕಿದಳು.

"ಹದಿನೆಂಟು ವರ್ಷ ಆಯ್ತು ರಾದಿಮ್, ನಾವು ಸಮುದ್ರಕ್ಕೆ ಹೋಗ್ತಿರೋದು. ದಾರೀಲಿ ಏನೇನಿದೆ ಅಂತ ಕೇಳಿದ್ರೆ ನಂಗೆ ಲಾರಿ ನಂಬರ್ ಪ್ಲೇಟು ಬಿಟ್ಟು ಇನ್ನೇನೂ ಗೊತ್ತಿಲ್ಲ. ಬಲಗಡೆ ನೋಡು, ಎಡಗಡೆ ನೋಡು, ಹಿಂದಿನವನು ಏನ್ಮಾಡ್ತಿದಾನೆ ನೋಡು. ನಾನೇನು ಹೆಂಡ್ತೀನೋ ಕನ್ನಡೀನೋ?"

"ನಾನು ರೈಲಿಗೇ," ಎಂದಳು ಮಗಳು ಇಲೋನಾ. ಅವಳಿಗೆ ಹತ್ತೊಂಬತ್ತು. "ಅಪ್ಪನ ಕಾರಲ್ಲಿ ಹಿಂದಿನ ಸೀಟಲ್ಲಿ ಕೂತ್ರೂ ಪರೀಕ್ಷೆ ಬರೆದ ಹಾಗಿರುತ್ತೆ."

"ಅತ್ತೆ, ನೀವು ಮತ ಹಾಕೋ ಹಾಗಿಲ್ಲ," ಎಂದ ರಾದಿಮ್ ಮುಂಚಿತವಾಗಿಯೇ. "ನಿಮ್ಮದು ಮೊದ್ಲಿಂದ್ಲೂ ರೈಲಿನ ಪಕ್ಷ."

"ಹಾಕ್ತೀನಿ," ಎಂದಳು ವ್ಲಾಸ್ತಾ. "ಮೂವತ್ನಾಲ್ಕು ವರ್ಷದಲ್ಲಿ ರೈಲು ಕಾರಿಗೋಸ್ಕರ ನಿಂತಿದ್ದು ನಾನು ನೋಡಿಲ್ಲ. ಕಾರೇ ನಿಲ್ಲೋದು. ಯಾರು ದೊಡ್ಡೋರು ಅಂತ ಅದರಲ್ಲೇ ಗೊತ್ತಾಗಲ್ವೇನಯ್ಯಾ?"

ಮೂರಕ್ಕೆ ಒಂದು. ರಾದಿಮ್ ಮರುಎಣಿಕೆ ಕೇಳಿದ. ಮತ್ತೆ ಮೂರಕ್ಕೆ ಒಂದೇ ಬಂತು.

ಬೆಳಗಿನ ಐದೂವರೆಯ ರೈಲು. ಎಲ್ಲರಿಗಿಂತ ಭಾರದ ಚೀಲ ರಾದಿಮ್‌ನದು. ಕೆಟ್ಟು ನಿಂತ ಕಾರಿನ ಹಿಂದೆ ಇಡುವ ಕೆಂಪು ತ್ರಿಕೋನ, ಎಳೆಯುವ ಹಗ್ಗ, ನಾಲ್ಕು ಹಳದಿ ಜಾಕೆಟ್ಟು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲ ಅದರಲ್ಲಿದ್ದವು.

"ಹಗ್ಗ ಯಾಕೆ ಅಪ್ಪಾ? ಎಂಜಿನ್ ಕೆಟ್ರೆ ನೀನು ಎಳೀತೀಯಾ?"

"ವಿದೇಶದ ರಸ್ತೆ ಮಗಳೇ. ಕಾನೂನು."

"ನಾವು ರಸ್ತೇಲಿ ಹೋಗ್ತಿಲ್ವಲ್ಲ!"

ಹೊರಟ ಅರ್ಧ ಗಂಟೆ ಅವನ ಕಾಲು ಎದುರಿನ ಸೀಟನ್ನು ಒದೆಯುತ್ತಲೇ ಇತ್ತು. ಎದುರಿನ ಸೀಟಿನಲ್ಲಿ ಅತ್ತೆಯಿದ್ದಳು. ಫೋನಿನಲ್ಲಿ ವೇಗ ನೋಡಿ, "ನೂರಾ ಅರವತ್ತು! ತಿರುವಿನಲ್ಲಿ!" ಎಂದು ಗೊಣಗಿದ. ಪ್ರತಿ ನಿಲ್ದಾಣದಲ್ಲೂ ರೈಲು ನಿಂತ ಬಗೆಗೆ ಅಂಕ ಕೊಟ್ಟ. ಗಡಿಯ ನಿಲ್ದಾಣದಲ್ಲಿ ಮಾತ್ರ ಮೇಜಿನ ಮೇಲಿನ ಕಾಫಿ ತುಳುಕದೆ ನಿಂತಿತು. ಅಂಕ ಕಳೆಯಲು ರಾದಿಮ್‌ಗೆ ಏನೂ ಸಿಗಲಿಲ್ಲ. ಅವನಿಗೆ ಅದರಿಂದ ಬೇಸರವಾಯಿತು ಎಂದು ಲಿಬುಶೆ ಹೇಳುತ್ತಾಳೆ.

ವಿಯೆನ್ನಾದಲ್ಲಿ ರೈಲು ಬದಲಿಸಲು ಹದಿನಾಲ್ಕು ನಿಮಿಷವಿತ್ತು. ವ್ಲಾಸ್ತಾ ಊರುಗೋಲನ್ನು ಗೇಟಿನ ಕಂಬದ ಹಾಗೆ ಅಡ್ಡ ಹಿಡಿದು ನಡೆದಳು, ಇಡೀ ಪ್ಲಾಟ್‌ಫಾರ್ಮು ದಾರಿ ಬಿಟ್ಟಿತು. ಮುಂದಿನ ರೈಲಿನಲ್ಲಿ ಆರು ಸೀಟಿನ ಕೋಣೆ. ಸೂಟು ಹಾಕಿದ ಒಬ್ಬ ಗಂಡಸು ಫೋನಿನಲ್ಲಿ ಜೋರಾಗಿ ವ್ಯಾಪಾರ ಮಾಡುತ್ತಿದ್ದ. ಮುದುಕಿ ಚೀಲದಿಂದ ನಮ್ಮ ಓಲೊಮೌಟ್ಸ್ ಚೀಸಿನ ಪೊಟ್ಟಣ ತೆಗೆದು ಬಿಚ್ಚಿದಳು. ಹಳೆಯ ಕಾಲುಚೀಲಕ್ಕೂ ಅದಕ್ಕೂ ಕಣ್ಣು ಮುಚ್ಚಿದರೆ ವ್ಯತ್ಯಾಸ ತಿಳಿಯದು. ಗಂಡಸು ಎರಡು ನಿಮಿಷ ತಡೆದ. ಆಮೇಲೆ ವ್ಯಾಪಾರದ ಸಮೇತ ಎದ್ದುಹೋದ.

"ಅಜ್ಜಿ, ಇದು ಅನ್ಯಾಯ."

"ಕಾಲು ಚಾಚಿಕೋ ಮಗಾ," ಎಂದಳು ಅಜ್ಜಿ.

ಬೆಟ್ಟಗಳು ಬಂದವು. ಕಲ್ಲಿನ ಎತ್ತರದ ಸೇತುವೆಗಳ ಮೇಲೆ ರೈಲು ಬಳಸಿ ಬಳಸಿ ಏರಿತು. ಲಿಬುಶೆ ಕಿಟಕಿಗೆ ಮೂಗು ಒತ್ತಿ ಕೂತಳು. ಕೆಳಗೆ ಹುಲ್ಲು ಕೊಯ್ಯುವವರು, ಒಂದು ಕೆಂಪು ಚಾವಣಿಯ ಮೇಲೆ ಮಲಗಿದ ನಾಯಿ. "ಇಷ್ಟೆಲ್ಲ ಇತ್ತಾ ಇಲ್ಲಿ!" ಎಂದಳು. ತಿರುಗಿ ನೋಡಿದರೆ ರಾದಿಮ್ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಸಮುದ್ರದ ದಾರಿಯಲ್ಲಿ ಗಂಡ ನಿದ್ದೆ ಮಾಡಿದ್ದನ್ನು ಅವಳು ಕಂಡದ್ದು ಅದೇ ಮೊದಲು. ಬಾಯಿ ಮುಚ್ಚಿಸಲು ಹೋಗಲಿಲ್ಲ, ಎಚ್ಚರವಾದರೆ ಅಂಕ ಕೊಡಲು ಶುರುಮಾಡುತ್ತಾನೆಂದು.

ಲ್ಯೂಬ್ಲ್ಯಾನಾದಲ್ಲಿ ಎರಡೇ ಡಬ್ಬಿಯ ಸಣ್ಣ ರೈಲು ಹತ್ತಿದರು. ಅದು ಕಾಡು, ಹಳ್ಳಿ, ಕಾಡು ಎಂದು ತೂಗುತ್ತ ಹೋಗಿ ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಪುಟ್ಟ ನಿಲ್ದಾಣದಲ್ಲಿ ನಿಂತಿತು. ಊರಿನ ಹೆಸರು ನಾಲ್ವರಿಗೂ ನೆನಪಿಲ್ಲ. ನಿಂತದ್ದು ಹೊರಡಲೇ ಇಲ್ಲ. ಐದು ನಿಮಿಷವಾಯಿತು. ಎಲ್ಲೋ ಗಂಟೆ ಎಡೆಬಿಡದೆ ಹೊಡೆದುಕೊಳ್ಳುತ್ತಿತ್ತು. ವ್ಲಾಸ್ತಾ ಕಿವಿ ನಿಮಿರಿಸಿದಳು.

"ಗೇಟಿನ ಗಂಟೆ," ಎಂದಳು. "ಏನೋ ಎಡವಟ್ಟಾಗಿದೆ. ಏಳ್ರೋ."

ಇಳಿದು ನೋಡಿದರೆ ನಿಲ್ದಾಣದ ತುದಿಯಲ್ಲಿ, ಎಂಜಿನ್ನಿನ ಮೂಗಿನಿಂದ ಐವತ್ತು ಹೆಜ್ಜೆಯಲ್ಲಿ, ಹಳಿಯನ್ನು ದಾಟುವ ರಸ್ತೆ. ಗೇಟು ಬಿದ್ದಿದೆ, ರಸ್ತೆಯ ಅರ್ಧಕ್ಕೆ ಮಾತ್ರ ಅಡ್ಡ ಬರುವ ಗೇಟು; ಹೊರಹೋಗುವ ಬದಿ ತೆರೆದೇ ಇದೆ. ಗೇಟಿನ ಒಳಗೆ ಒಂದು ಬಿಳಿ ಕಾರು, ಮುಂದಿನ ಚಕ್ರ ಏರುರಸ್ತೆಯಲ್ಲಿ, ಹಿಂದಿನ ಚಕ್ರ ಹಳಿಯ ಮೇಲೆ. ಬಾಗಿಲ ಮೇಲೆ ಬಾಡಿಗೆ ಕಂಪನಿಯ ದೊಡ್ಡ ಚೀಟಿ. ಸ್ಟೀರಿಂಗ್ ಹಿಡಿದವನು ಬೆವರಿನಲ್ಲಿ ತೊಯ್ದುಹೋಗಿದ್ದ. ಪಕ್ಕದಲ್ಲಿ ಹೆಂಡತಿ, ಹಿಂದೆ ಎರಡು ಮಕ್ಕಳು. ಒಂದು ಮಗು ವಾಂತಿ ಮಾಡಿಕೊಂಡಿತ್ತು, ಇನ್ನೊಂದು ಮಾಡಿಕೊಳ್ಳುವ ಹಂತದಲ್ಲಿತ್ತು. ರೈಲಿನ ಡ್ರೈವರ್ ಕೆಳಗಿಳಿದು ಕೈಯೆತ್ತಿ ಕೂಗುತ್ತಿದ್ದ.

"ರೈಲು ಕಾರಿಗೋಸ್ಕರ ನಿಂತಿದೆ ನೋಡಿ ಅತ್ತೆ," ಎಂದ ರಾದಿಮ್. ಇಂಥ ಹೊತ್ತಿನಲ್ಲೂ ಅವನಿಗೆ ಅದೇ.

ವ್ಲಾಸ್ತಾ ನೇರ ಕಾರಿನ ಬಳಿಗೆ ನಡೆದಳು. ಹಿಂದಿನ ಬಾಗಿಲು ತೆರೆದು ಎರಡೂ ಮಕ್ಕಳನ್ನು ರಟ್ಟೆ ಹಿಡಿದು ಇಳಿಸಿದಳು, ಅವರ ತಾಯಿಯನ್ನೂ ಹಾಗೆಯೇ ಇಳಿಸಿದಳು. ಆಮೇಲೆ ಗಾಜಿಗೆ ಊರುಗೋಲಿನಿಂದ ಕುಟ್ಟಿ, "ಗೇಟು ಬಿದ್ದಾಗ ಒಳಗಿರಬಾರದು ಅಂತ ನಿಮ್ಮಮ್ಮ ಹೇಳಿಕೊಡಲಿಲ್ವೇನೋ ಕತ್ತೆ!" ಎಂದು ಚೆಕ್ ಭಾಷೆಯಲ್ಲಿ ಬೈದಳು. ಆತ ಕೆನಡಾದವನು, ಗೋರ್ಡನ್ ಎಂದು ಹೆಸರು. ಬೈಗುಳ ಮಾತ್ರ ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ.

ಗೋರ್ಡನ್ ಹುಟ್ಟಿದಂದಿನಿಂದ ಕೈಯಿಂದ ಗೇರ್ ಬದಲಿಸುವ ಕಾರು ಓಡಿಸಿದವನಲ್ಲ. ಏರಿನಲ್ಲಿ ಎಂಜಿನ್ ನಿಂತುಹೋಗಿತ್ತು. ಕ್ಲಚ್ ಒತ್ತದೆ ಕಾರು ಮತ್ತೆ ಸ್ಟಾರ್ಟ್ ಆಗುವುದಿಲ್ಲ ಎಂಬುದು ಅವನಿಗೆ ತಿಳಿಯದೆ ಗುಂಡಿಯನ್ನು ಒತ್ತಿ ಒತ್ತಿ ಸುಸ್ತಾಗಿದ್ದ. ರಾದಿಮ್‌ಗೆ ಇದು ಒಂದು ನೋಟಕ್ಕೇ ತಿಳಿಯಿತು. ಮೂವತ್ತೊಂದು ವರ್ಷದ ವಿದ್ಯೆ ಮೈಯಲ್ಲಿ ಎದ್ದು ನಿಂತಿತು. ಪಕ್ಕದ ಸೀಟಿನ ಕಿಟಕಿಗೆ ಬಾಗಿ ಚೆಕ್ ಭಾಷೆಯಲ್ಲೇ ಪಾಠ ಶುರುಮಾಡಿಯೇಬಿಟ್ಟ.

"ಗಾಬರಿ ಬೇಡ. ಮೊದಲು ಸೀಟು ಸರಿಮಾಡ್ಕೊಳ್ಳಿ. ಮಂಡಿ ಸ್ವಲ್ಪ ಬಾಗಿರಬೇಕು. ಆಯ್ತಾ? ಈಗ ಬೆನ್ನು. ಈಗ ಕನ್ನಡಿ…"

"ರಾದಿಮ್!" ಎಂದು ಕಿರುಚಿದಳು ಲಿಬುಶೆ. "ಅವನು ರೈಲಿನ ಹಳಿ ಮೇಲಿದಾನೆ!"

"ಅದಕ್ಕೇ ಹೇಳ್ತಿರೋದು, ಆತುರ ಮಾಡಬಾರದು ಅಂತ. ಬೆಲ್ಟು ಹಾಕಿದೀರಾ?"

ಅಷ್ಟರಲ್ಲಿ ಇಲೋನಾ ಸ್ಟೀರಿಂಗ್ ಕಡೆಯ ಬಾಗಿಲು ತೆರೆದಳು. "ಸರೀರಿ," ಎಂದು ಇಂಗ್ಲಿಷಿನಲ್ಲಿ ಹೇಳಿ ಗೋರ್ಡನ್ನನ್ನು ಪಕ್ಕದ ಸೀಟಿಗೆ ದಬ್ಬಿ ಕೂತಳು. ಕ್ಲಚ್ ಒತ್ತಿದಳು, ಎಂಜಿನ್ ಗುರ್ ಎಂದಿತು. ಹ್ಯಾಂಡ್ ಬ್ರೇಕ್ ಎಳೆದಳು. ಕಾರಿನ ಮೂಗು ಮೆಲ್ಲನೆ ಮೇಲೆದ್ದಿತು, ಎಂಜಿನ್ ಜಗ್ಗಿತು. ಆಗ ಹ್ಯಾಂಡ್ ಬ್ರೇಕ್ ಬಿಟ್ಟಳು. ಕಾರು ಒಂದು ಬೆರಳಿನಷ್ಟೂ ಹಿಂದೆ ಜಾರದೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಏರಿನ ಮೇಲೆ ಹೋಗಿ ಒಂದು ಸೇಬಿನ ಮರದ ಕೆಳಗೆ ನಿಂತಿತು. ರೈಲಿನ ಕಿಟಕಿಗಳಿಂದ ಚಪ್ಪಾಳೆ ಬಿತ್ತು.

ರಾದಿಮ್ ಮಾತ್ರ ಬಾಗಿದ ಭಂಗಿಯಲ್ಲೇ, ಕಿಟಕಿಯಿಲ್ಲದ ಗಾಳಿಗೆ ಮುಖ ಮಾಡಿ ನಿಂತಿದ್ದ. ಮಗಳು ಕೆಳಗಿಳಿದು ಬಂದಾಗ ಅವನ ಮುಖ ಬಿಳಿಚಿತ್ತು.

"ಅದು ಹ್ರಾದಿಲ್‌ನ ಕೈ," ಎಂದ.

"ಅಪ್ಪಾ…"

"ಹ್ಯಾಂಡ್ ಬ್ರೇಕು. ಎಳೆದು, ಜಗ್ಗಿಸಿ, ಬಿಡೋದು. ಇಡೀ ದೇಶದಲ್ಲಿ ಅದನ್ನ ಅಷ್ಟು ನಿಧಾನಕ್ಕೆ ಬಿಡೋನು ಅವನೊಬ್ಬನೇ. ಮಂಗಳವಾರ ಮಂಗಳವಾರ ಈಜೋಕೆ ಹೋಗ್ತಿದ್ಯಲ್ಲ ಆರು ತಿಂಗಳು?"

"ಕೂದಲು ಒಂದ್ಸಲಾನೂ ಒದ್ದೆ ಆಗಿರಲಿಲ್ಲ ಅಪ್ಪಾ. ನೀನು ನೋಡ್ಲೇ ಇಲ್ಲ."

ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಹದಿನೆಂಟು ತುಂಬಿದ ದಿನ ಇಲೋನಾ ಅಪ್ಪನ ಬಳಿ ಮೊದಲ ಪಾಠಕ್ಕೆ ಕೂತಿದ್ದಳು. ಎರಡು ಗಂಟೆಯಾದರೂ ಕಾರು ಕದಲಲಿಲ್ಲ, ಸೀಟಿನ ಬೆನ್ನೇ ಸರಿಹೋಗಿರಲಿಲ್ಲ. ಅವಳು ಅಳುತ್ತ ಇಳಿದು ನಮ್ಮ ಮನೆಗೆ ಬಂದಳು. ಲಿಬುಶೆ ಅವಳನ್ನು ನದಿಯಾಚೆಗೆ ಕರೆದೊಯ್ದು ಸೇರಿಸಿದಳು. ಮೊದಲ ಪರೀಕ್ಷೆಯಲ್ಲೇ ಪಾಸಾಗಿ ಬಂದ ಲೈಸೆನ್ಸು ಅಜ್ಜಿಯ ಕೈಚೀಲದಲ್ಲಿ, ಚೀಸಿನ ಪಕ್ಕದಲ್ಲಿ, ಭದ್ರವಾಗಿತ್ತು.

"ನಿನಗೂ ಗೊತ್ತಿತ್ತಾ?" ಎಂದ ರಾದಿಮ್ ಹೆಂಡತಿಗೆ. ಅವಳು ತಲೆ ತಗ್ಗಿಸಿದಳು. "ನಿಮಗೂ?"

"ನಂಗೆ ಎಲ್ಲಾ ಗೊತ್ತಿರುತ್ತೆ," ಎಂದಳು ಅತ್ತೆ.

ಈ ನಡುವೆ ಗೋರ್ಡನ್‌ನ ಹೆಂಡತಿ, ಈ ರೈಲು ಎಲ್ಲಿಗೆ ಹೋಗುತ್ತದೆ ಎಂದು ಇಲೋನಾಳನ್ನು ಕೇಳಿದಳು. ಸಮುದ್ರಕ್ಕೆ ಎಂದು ತಿಳಿದದ್ದೇ ತಡ, ಆಕೆ ಎರಡೂ ಮಕ್ಕಳ ಕೈ ಹಿಡಿದು ರೈಲು ಹತ್ತಿದಳು. ಬಾಗಿಲಲ್ಲಿ ನಿಂತು ಗಂಡನಿಗೆ ಒಂದೇ ಮಾತು ಹೇಳಿದಳು: "ನಿನ್ನ ಕಾರು, ನೀನೇ ತಗೊಂಡು ಬಾ."

ಗೋರ್ಡನ್ ಕಾರನ್ನು ನೋಡಿದ, ಏರನ್ನು ನೋಡಿದ, ಅಳುವುದೊಂದು ಬಾಕಿ. ರಾದಿಮ್ ತನ್ನ ಚೀಲ ಎತ್ತಿಕೊಂಡ.

"ನಾನು ಇವನ ಜೊತೆ ಬರ್ತೀನಿ," ಎಂದ. "ನನ್ನನ್ನ ಬೇಕು ಅನ್ನೋನು ಈ ರಸ್ತೇಲಿ ಇವನೊಬ್ಬನೇ ಉಳಿದಿರೋದು."

ಯಾರೂ ತಡೆಯಲಿಲ್ಲ. ರೈಲು ಹೊರಟಿತು. ಏರಿನ ಮೇಲೆ ಬಿಳಿ ಕಾರು ಜಿಗಿದು ನಿಂತಿತು, ಜಿಗಿದು ನಿಂತಿತು, ಮತ್ತೆ ಜಿಗಿಯಿತು. ಅಷ್ಟು ನೋಡುವಷ್ಟರಲ್ಲಿ ಕಾಡು ಅಡ್ಡ ಬಂತು.

ಮಿಕ್ಕವರು ಸಂಜೆಯ ಬಿಸಿಲಿರುವಾಗಲೇ ಒಪಾತಿಯಾ ಎಂಬ ಕಡಲತೀರದ ಊರಿನ ತಮ್ಮ ಕೋಣೆ ತಲುಪಿದರು. ಕೆನಡಾದ ಹೆಂಗಸೂ ಮಕ್ಕಳೂ ಅವರ ಜೊತೆಯಲ್ಲೇ ಕೂತು ಕರಿದ ಮಾಂಸ ತಿಂದರು, ಅಜ್ಜಿಯ ಚೀಸನ್ನೂ ತಿಂದರು, ಯಾವ ಮಗುವೂ ವಾಂತಿ ಮಾಡಿಕೊಳ್ಳಲಿಲ್ಲ. ಕಾರಿನವರು ಬಂದದ್ದು ಮೂರು ಗಂಟೆ ತಡವಾಗಿ. ರಾದಿಮ್ ಇಳಿದವನು ಕಾರಿನ ಚಾವಣಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. ಬಾಡಿಗೆ ಕಾರಿನಲ್ಲಿ ಅವನ ಕಾಲ ಕೆಳಗೆ ಎರಡನೇ ಬ್ರೇಕು ಇರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವನು ಬ್ರೇಕಿಲ್ಲದೆ ಒಬ್ಬ ಕಲಿಯುವವನ ಪಕ್ಕ ಕೂತಿದ್ದ, ಅದೂ ಘಾಟಿಯ ಇಳಿಜಾರಿನಲ್ಲಿ. ಗೋರ್ಡನ್ ಮಾತ್ರ ಖುಷಿಯಲ್ಲಿದ್ದ. ದಾರಿಯಲ್ಲಿ ಎರಡು ಚೆಕ್ ಮಾತು ಕಲಿತಿದ್ದ. ಒಂದು ಕ್ಲಚ್ಚಿಗೆ ಅನ್ನುವುದು. ಇನ್ನೊಂದು "ಯೇಸುವೇ, ಮರಿಯಮ್ಮಾ!" ಅದು ಬ್ರೇಕಿನ ಹೆಸರು ಎಂದೇ ಅವನು ತಿಳಿದಿದ್ದ.

ಎರಡು ದಿನ ರಾದಿಮ್ ಮಗಳ ಜೊತೆ ಮಾತಾಡಲಿಲ್ಲ. ಕಲ್ಲಿನ ದಂಡೆಯ ಮೇಲೆ ಬೆನ್ನು ತಿರುಗಿಸಿ ಕೂತು ಬೆನ್ನು ಸುಟ್ಟುಕೊಂಡ. ಮೂರನೆಯ ದಿನ ಇಲೋನಾ ಹೇಳದೆ ಕೇಳದೆ ಹಿಂದೆ ಕೂತು ಮುಲಾಮು ಹಚ್ಚತೊಡಗಿದಳು.

"ಇಳಿಜಾರಲ್ಲಿ ಅವನು ಎಕ್ಸಿಲರೇಟರ್ ಒತ್ತಿದ," ಎಂದ ರಾದಿಮ್ ಸಮುದ್ರಕ್ಕೆ. "ನನ್ನ ಕಾಲ ಕೆಳಗೆ ಏನೂ ಇರಲಿಲ್ಲ. ಸುಮ್ನೆ ಕೂತಿದ್ದೆ. ಮಾಡೋಕೇನಿತ್ತು?"

"ಆಮೇಲೆ?"

"ಅವನೇ ಬ್ರೇಕ್ ಹಾಕ್ದ. ತಡವಾಗಿ ಹಾಕ್ದ. ಆದ್ರೂ ಹಾಕ್ದ." ಒಂದು ಕಲ್ಲನ್ನು ನೀರಿಗೆಸೆದು, "ನೀನು ಆ ಹಳಿ ಮೇಲೆ ಕನ್ನಡಿ ನೋಡ್ದೆ. ಹೊರಡೋ ಮುಂಚೆ. ನಾನು ನೋಡ್ತಿದ್ದೆ."

"ನೋಡ್ದೆ."

"ಹ್ರಾದಿಲ್ ಕನ್ನಡಿ ಹೇಳಿಕೊಡಲ್ಲ."

"ಇಲ್ಲ," ಎಂದಳು ಇಲೋನಾ. "ಹೇಳಿಕೊಡಲ್ಲ."

ಅದು ಸುಳ್ಳು. ಹ್ರಾದಿಲ್ ಹೇಳಿಕೊಡುತ್ತಾನೆ. ನನ್ನ ತಮ್ಮ ಅಲ್ಲೇ ಕಲಿತವನು, ನನಗೆ ಗೊತ್ತು.

ಊರಿಗೆ ಮರಳಿದ್ದೂ ರೈಲಿನಲ್ಲೇ, ಈ ಬಾರಿ ಮತಕ್ಕೆ ಹಾಕುವ ಪ್ರಮೇಯವೇ ಬರಲಿಲ್ಲ. ಮುಂದಿನ ಭಾನುವಾರ ರಾದಿಮ್ ಪ್ಲಮ್ ಹಣ್ಣಿನ ಸಾರಾಯಿಯ ಒಂದು ಬಾಟಲಿ ಹಿಡಿದು ನದಿ ದಾಟಿ ಹೋದ. ಬಾಟಲಿ ಕುಡಿಯಲೋ ಹೊಡೆಯಲೋ ಎಂದು ತಿಳಿಯದೆ ಲಿಬುಶೆ ನನ್ನನ್ನೂ ಎಳೆದುಕೊಂಡು ಹಿಂದೆ ಓಡಿದಳು. ನಾವು ಬೇಲಿಯ ಹಿಂದೆ ನಿಂತು ಕೇಳಿದೆವು. ಹ್ರಾದಿಲ್ ತೋಟದಲ್ಲಿ ಟೊಮ್ಯಾಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದ. ರಾದಿಮ್‌ನನ್ನು ಕಂಡು ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನನ್ನ ಮಗಳು ಪರೀಕ್ಷೇಲಿ ಎಲ್ಲಿ ತಪ್ಪಿದ್ಲು?" ಎಂದ ರಾದಿಮ್, ನಮಸ್ಕಾರವೂ ಇಲ್ಲದೆ.

"ಎಲ್ಲೂ ತಪ್ಪಲಿಲ್ಲ."

"ಸುಳ್ಳು ಹೇಳಬೇಡಿ. ಎಲ್ರೂ ಎಲ್ಲೋ ಒಂದ್ಕಡೆ ತಪ್ತಾರೆ."

ಹ್ರಾದಿಲ್ ಯೋಚಿಸಿದ. ಬಾಟಲಿಯನ್ನೂ ನೋಡಿದ. "ಪಾರ್ಕಿಂಗಲ್ಲಿ ಹಿಂದಿನ ಚಕ್ರ ಸ್ವಲ್ಪ ರಸ್ತೆ ಅಂಚಿನ ಕಲ್ಲಿಗೆ ತಾಗಿಸಿದ್ಲು."

ರಾದಿಮ್‌ನ ಮುಖ ಅರಳಿತು. ಎಷ್ಟೋ ದಿನದಿಂದ ನಾನು ಆ ಮುಖ ಹಾಗೆ ಕಂಡಿರಲಿಲ್ಲ.

"ಅದನ್ನ ಹೇಳಿ ಮತ್ತೆ!" ಎಂದು ಬೇಲಿಯ ಬಾಗಿಲು ತಾನೇ ತೆರೆದುಕೊಂಡು ಒಳಗೆ ಹೋದ. "ಪಾರ್ಕಿಂಗ್ ನಿಮಗೆ ಯಾವತ್ತೂ ಬರ್ಲಿಲ್ಲ, ಹ್ರಾದಿಲ್. ಲೋಟ ಎಲ್ಲಿದೆ?"